ಇನ್ನೂರ ಹನ್ನೆರಡು ಹೆಜ್ಜೆ

ಹೋದ ತಿಂಗಳು ಶಿರಹಟ್ಟಿಯಲ್ಲಿ ಒಂದು ಮದುವೆ ಇತ್ತು. ಗದಗಿನಿಂದ ಸೊರಟೂರ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಸೊರಟೂರ ದಾಟಿ ಸ್ವಲ್ಪ ದೂರ ಬಂದ ಮೇಲೆ, ಸುತ್ತ ಒಂದು ಮನೆಯೂ ಕಾಣದ ಕಡೆ, ಕಂಡಕ್ಟರು "ಗೌಡ್ರ ದಾರಿ ಯಾರ್ರೀ, ಗೌಡ್ರ ದಾರಿ" ಎಂದು ಕರೆದ. ಇಬ್ಬರು ಹೆಂಗಸರು ಬುಟ್ಟಿ ಎತ್ತಿಕೊಂಡು ಇಳಿದರು. ರಸ್ತೆಯ ಮೋರಿಯ ಪಕ್ಕದಿಂದ ಕಲ್ಲುಮಣ್ಣಿನ ಗರಸು ಹಾಕಿದ ಒಂದು ದಾರಿ ಹೊರಟಿತ್ತು. ಅದು ಕರಿ ಮಣ್ಣಿನ ಎರಿ ಹೊಲವೊಂದನ್ನು ಓರೆಯಾಗಿ ಸೀಳಿಕೊಂಡು ಆ ತುದಿಯ ಒಂಟಿ ಬನ್ನಿ ಗಿಡದವರೆಗೂ ನೇರ ಹೋಗಿತ್ತು. ಎಲ್ಲೂ ಒಂದಿಷ್ಟು ಸೊಟ್ಟ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಸೊರಟೂರಿನ ಹಿರಿಯರನ್ನು ಈ ದಾರಿ ಯಾವಾಗ ಆಯಿತು ಎಂದು ಕೇಳಿದೆ. ಅದು ಮೊದಲಿನಿಂದಲೂ ಐತಿ ಎಂದರು.

ಮೊದಲಿನಿಂದ ಇಲ್ಲ. ಅದಕ್ಕೆ ಮೂರು ವರ್ಷ. ಅದನ್ನು ಎಳೆದವನು ನಾನು.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವನು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಈ ಕಡೆಯ ಹೊಲಗಳಲ್ಲಿಯೇ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದು ನಿವೃತ್ತನಾಗಿ ಬೆಟಗೇರಿಯಲ್ಲಿ ಮನೆ ಮಾಡಿದ್ದೆ. ನಿವೃತ್ತಿಯಾದ ಮೊದಲ ವರ್ಷ ಏನು ಮಾಡಬೇಕೆಂದು ತಿಳಿಯದೆ ಮನೆಯ ಅಂಗಳವನ್ನೇ ಎರಡು ಸಲ ಅಳೆದಿದ್ದೇನೆ. ನಮ್ಮ ಓಣಿಯಲ್ಲಿ ಶಾಹಿದಾ ಮೇಡಂ ಅಂತ ಒಬ್ಬರು ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಕ್ಕಳ ಕಣ್ಣು ಮೊಬೈಲಿನಿಂದ ಕೀಳಿಸಲು ಏನಾದರೂ ಬೇಕೆಂದು ಹುಡುಕಿ ಅವರು ಒಂದು ಆಟ ತಂದರು. ಹೊರದೇಶದವರು ಅದಕ್ಕೆ ಲೆಟರ್‌ಬಾಕ್ಸಿಂಗ್ ಅನ್ನುತ್ತಾರಂತೆ. ಅಂಚೆಗೂ ಅದಕ್ಕೂ ಸಂಬಂಧವಿಲ್ಲ. ನಾವು ಡಬ್ಬಿ ಆಟ ಎಂದು ಕರೆದೆವು.

ಆಟ ಇಷ್ಟೇ. ನೀರು ಹೋಗದ ಒಂದು ಡಬ್ಬಿಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಶಾಯಿಯ ಪ್ಯಾಡು, ಕೈಯಿಂದ ಕೆತ್ತಿದ ಒಂದು ರಬ್ಬರ್ ಮುದ್ರೆ ಇಟ್ಟು ಎಲ್ಲಾದರೂ ಬಚ್ಚಿಡಬೇಕು. ಅಲ್ಲಿಗೆ ಹೋಗುವ ಗುರುತನ್ನು ನಾಲ್ಕು ಸಾಲಿನಲ್ಲಿ ಬರೆದು ಉಳಿದವರಿಗೆ ಕೊಡಬೇಕು. ಹುಡುಕಿದವರು ಡಬ್ಬಿಯ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳುತ್ತಾರೆ, ತಮ್ಮ ಸ್ವಂತ ಮುದ್ರೆಯನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ ತಾರೀಖು ಹಾಕುತ್ತಾರೆ. ಹೆಸರು ಬರೆಯುವುದಿಲ್ಲ, ಮುದ್ರೆಯೇ ಹೆಸರು. ಪೂರ್ಣಿಮಾ ಎಂಬ ಹತ್ತು ವರ್ಷದ ಹುಡುಗಿ ಅಳಿಸುವ ರಬ್ಬರಿನಲ್ಲಿ ಹಲ್ಲಿ ಕೆತ್ತಿಕೊಂಡಿದ್ದಳು. ಶಾಹಿದಾ ಮೇಡಂದು ಲಾಟೀನು. ಬ್ಯಾಂಕಿನಲ್ಲಿದ್ದ ಒಬ್ಬರು ಚಹಾದ ಕಪ್ಪು ಕೆತ್ತಲು ಹೋಗಿ ಅದು ಬಕೆಟ್ಟಿನಂತಾಗಿ, ಎಲ್ಲರೂ ಅವರನ್ನು ಬಕೆಟ್ ಮಾಮಾ ಅನ್ನತೊಡಗಿದರು. ನಾನು ಸರಪಳಿಯ ಮೂರು ಕೊಂಡಿ ಕೆತ್ತಿದೆ. ಹಾಗಾಗಿ ಸರಪಳಿ ಅಜ್ಜ ಆದೆ. ಅರವತ್ತು ದಾಟಿದವನು ಬ್ಲೇಡು ಹಿಡಿದು ರಬ್ಬರು ಕೆತ್ತುತ್ತಾ ಕೂತಿದ್ದನ್ನು ಕಂಡು ಮನೆಯಲ್ಲಿ ನಕ್ಕರು. ನನಗೆ ಮಾತ್ರ ಬಹಳ ದಿನಗಳ ನಂತರ ಕೈಗೆ ಕೆಲಸ ಸಿಕ್ಕಂತಾಗಿತ್ತು.

ಶಾಹಿದಾ ಮೇಡಂ ಕೆಲವು ನಿಯಮ ಮಾಡಿದ್ದರು. ಗುಡಿ, ಮಸೀದಿ, ಹಳೇ ಕಟ್ಟಡಗಳೊಳಗೆ ಇಡಬಾರದು. ಲಕ್ಕುಂಡಿಯ ಡಬ್ಬಿಯನ್ನೂ ಅಲ್ಲಿನ ಹಳೇ ಕೆತ್ತನೆಯ ಬಾವಿಗಳಿಂದ ದೂರ, ಒಬ್ಬ ಪರಿಚಯಸ್ಥರ ಹಿತ್ತಲ ಗೋಡೆಯಲ್ಲಿ ಇಟ್ಟಿದ್ದೆವು. ಆಟದಲ್ಲಿ ಇಲ್ಲದವರ ಮುಂದೆ ಡಬ್ಬಿ ತೆಗೆಯಬಾರದು, ಯಾರಿಗೂ ಜಾಗ ಹೇಳಬಾರದು. ಎಲ್ಲಕ್ಕಿಂತ ಮೊದಲು, ಜಾಗ ಯಾರದ್ದೋ ಅವರನ್ನು ಕೇಳಿಯೇ ಇಡಬೇಕು.

ನನ್ನ ಡಬ್ಬಿಯನ್ನು ನಾನು ಮೇ ತಿಂಗಳ ಒಂದು ರವಿವಾರ ಇಟ್ಟೆ. ಸೊರಟೂರಿನ ಆಚೆ ಆ ಬನ್ನಿ ಗಿಡ ನನಗೆ ಸರ್ವೀಸಿನ ಕಾಲದಿಂದ ಗೊತ್ತು. ಎರಡು ಹೊಲಗಳ ಗಡಿಯಲ್ಲಿ ನಿಂತ ಗಿಡ ಅದು. ರಸ್ತೆಯ ಕಡೆಯ ಹೊಲ ನೀಲವ್ವನದು, ಎರಡು ಎಕರೆ ಚಿಲ್ಲರೆ. ಆಚೆ ಕಡೆಯದು ಫಕ್ಕೀರಗೌಡರದು, ದೊಡ್ಡ ಹಿಡುವಳಿ. ಬೇಸಿಗೆಯಾದ್ದರಿಂದ ಹೊಲ ಬರಿದಾಗಿ ಬಿರಿದಿತ್ತು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಬಿತ್ತುವ ತನಕ ಹೊಲದಲ್ಲಿ ಯಾರು ಅಡ್ಡಾಡಿದರೂ ಯಾರೂ ಕೇಳುವುದಿಲ್ಲ. ನಾನು ಮೋರಿಯ ಕಲ್ಲಿಗೆ ಬೆನ್ನು ಕೊಟ್ಟು, ಬನ್ನಿಯ ಮೇಲೆ ಕಣ್ಣಿಟ್ಟು, ರೂಢಿಯ ಹೆಜ್ಜೆಯಲ್ಲಿ ನೇರ ನಡೆದೆ. ಇನ್ನೂರ ಹನ್ನೆರಡು. ಖಾತ್ರಿಗೆಂದು ತಿರುಗಿ ನಡೆದೆ. ಮತ್ತೆ ಇನ್ನೂರ ಹನ್ನೆರಡು. ಬಹಳ ಖುಷಿಯಾಯಿತು. ಗುರುತು ಬರೆದೆ:

ಮೋರಿಯ ಕಲ್ಲಿಗೆ ಬೆನ್ನು ಕೊಡು.
ಒಂಟಿ ಬನ್ನಿಯಿಂದ ಕಣ್ಣು ಕೀಳಬೇಡ.
ಇನ್ನೂರ ಹನ್ನೆರಡು ಹೆಜ್ಜೆ.
ಬುಡದಲ್ಲಿ ಮೂರು ಕಲ್ಲು, ನಡುವಿನದನ್ನು ಸರಿಸು.

ಹೊಲದವರನ್ನು ಕೇಳಿದಿರಲ್ಲ ಎಂದು ಶಾಹಿದಾ ಮೇಡಂ ಕೇಳಿದರು. ನಾನು ಹೂಂ ಎಂದೆ. ಕೇಳಿರಲಿಲ್ಲ. ಇದನ್ನು ಸಮರ್ಥಿಸಲು ಬರೆಯುತ್ತಿಲ್ಲ, ಇದ್ದದ್ದನ್ನು ಹೇಳುತ್ತೇನೆ. ಮೂವತ್ತು ವರ್ಷ ಯಾರ ಹೊಲಕ್ಕೂ ನಾನು ಕೇಳಿ ಕಾಲಿಟ್ಟವನಲ್ಲ. ಸರಪಳಿ ಹಿಡಿದವನು ಬಂದರೆ ಜನ ತಾವೇ ಬದಿಗೆ ಸರಿಯುತ್ತಿದ್ದರು. ಸರಪಳಿಯನ್ನು ಸರಕಾರಕ್ಕೆ ಒಪ್ಪಿಸಿ ಬಂದಿದ್ದೆ, ಆ ರೂಢಿಯನ್ನು ಒಪ್ಪಿಸಿರಲಿಲ್ಲ.

ಆ ವರ್ಷ ಮುಂಗಾರು ಹೊತ್ತಿಗೆ ಸರಿಯಾಗಿ ಬಂತು. ಜೂನಿನಲ್ಲಿ ನೀಲವ್ವ ಹೆಸರು ಬಿತ್ತಿದಳು. ಮಕ್ಕಳಿಗೆ ಶಾಲೆ ಶುರುವಾಗಿ ರವಿವಾರ ಮಾತ್ರ ಬಿಡುವು. ಒಂದೊಂದು ರವಿವಾರ ನಾಲ್ಕೈದು ಮಂದಿ, ದೊಡ್ಡವರೂ ಸಣ್ಣವರೂ ಸೇರಿ, ಬಸ್ಸು ಹತ್ತಿ ಹೋಗುತ್ತಿದ್ದರು. ಗುರುತಿನಲ್ಲಿ ಹೇಗಿದೆಯೋ ಹಾಗೆಯೇ ನಡೆಯುತ್ತಿದ್ದರು. ಮಕ್ಕಳ ಹೆಜ್ಜೆ ಸಣ್ಣವು. ಇನ್ನೂರ ಹನ್ನೆರಡಕ್ಕೆ ಅವರು ಹೊಲದ ನಟ್ಟನಡುವೆ ನಿಲ್ಲುತ್ತಿದ್ದರು. ಲೆಕ್ಕ ತಪ್ಪಿತೆಂದು ಮೋರಿಗೆ ತಿರುಗಿ ಹೋಗಿ ಮತ್ತೆ ಒಂದರಿಂದ ಎಣಿಸುತ್ತಿದ್ದರು. ಎರಿ ಮಣ್ಣು ಹಸಿ ಇದ್ದಾಗ ತುಳಿದರೆ ಒಣಗಿದ ಮೇಲೆ ಇಟ್ಟಂಗಿಯ ಹಾಗೆ ಆಗುತ್ತದೆ, ಅಲ್ಲಿ ಆ ಪೀಕು ಏಳುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಜುಲೈಯಲ್ಲಿ ನಾನೇ ಒಮ್ಮೆ ಡಬ್ಬಿಗೆ ನೀರು ಹೋಗಿದೆಯೇ ನೋಡಲು ಹೋದಾಗ, ಹಸಿರಿನ ನಡುವೆ ಕರಿಯ ಗೆರೆಯೊಂದು ಬಿದ್ದಿರುವುದನ್ನು ಕಂಡೆ. ಗುರುತನ್ನು ಬದಲಿಸಿ ಒಡ್ಡಿನ ಮೇಲಿಂದ ಸುತ್ತಿ ಬರುವಂತೆ ಬರೆಯಬೇಕು ಅಂದುಕೊಂಡೆ. ಒಡ್ಡಿನ ಮೇಲೆ ಜಾಲಿ ಮುಳ್ಳು ಇತ್ತು, ಹೆಜ್ಜೆಯ ಲೆಕ್ಕ ಕೂಡುತ್ತಿರಲಿಲ್ಲ. ಮುಂದಿನ ವಾರ ನೋಡೋಣ ಅಂದೆ. ಖರೆ ಅಂದರೆ ಇನ್ನೂರ ಹನ್ನೆರಡು ಎಂಬ ಆ ಅಂಕಿಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ನಾನು ಹೋದ ದಿನಗಳಲ್ಲಿ ನೀಲವ್ವ ಹೊಲದಲ್ಲಿ ಇರಲಿಲ್ಲ. ಹಾಗಾಗಿ ಈ ಆಟದ ಹಿಂದೆ ನಾನಿರುವುದು ಆಕೆಗೆ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ಸೆಪ್ಟೆಂಬರಿನಲ್ಲಿ ಹೆಸರು ಬಿಡಿಸಿ ಆಯಿತು. ಹೊಲ ಹರಗಿ ಹಿಂಗಾರಿ ಜೋಳಕ್ಕೆ ಹದ ಮಾಡುವ ಹೊತ್ತು. ಒಮ್ಮೆ ಕುಂಟಿ ಹೊಡೆದಿದ್ದರೆ ಆ ಗೆರೆ ಅಳಿಸಿಹೋಗುತ್ತಿತ್ತು. ಅದಕ್ಕೂ ಮೊದಲೇ ಫಕ್ಕೀರಗೌಡರು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ಅವರ ಹೊಲಕ್ಕೆ ರಸ್ತೆಯಿಂದ ನೇರ ದಾರಿ ಇರಲಿಲ್ಲ, ಹಳ್ಳದ ಗುಂಟ ದೂರ ಸುತ್ತಿ ಹೋಗಬೇಕಿತ್ತು. ನೀಲವ್ವನ ಹೊಲದೊಳಗೆ ಹಾಯ್ದು ಮೋರಿಯಿಂದ ಬನ್ನಿಯವರೆಗೆ ಹಿಂದಿನಿಂದ ರೂಢಿಯ ಕಾಲುದಾರಿ ಇದೆ, ಈಗ ಆಕೆ ಅದನ್ನು ಹರಗಿ ಮುಚ್ಚಲು ಹೊರಟಿದ್ದಾಳೆ ಎಂದು ಬರೆದುಕೊಟ್ಟಿದ್ದರು. ರೂಢಿಯ ದಾರಿ ಎಂದು ಒಮ್ಮೆ ಕಾಗದದಲ್ಲಿ ಬಂದರೆ ಮುಂದೆ ಅದರಲ್ಲಿ ಬಂಡಿ ಬರುತ್ತದೆ, ಟ್ರಾಕ್ಟರು ಬರುತ್ತದೆ. ಎರಡು ಎಕರೆ ಹೊಲವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಉಳಿಯುವುದು ಎರಡು ತ್ರಿಕೋನ. ಎತ್ತು ತಿರುಗಿಸಲೂ ಆಗದ ತುಂಡುಗಳು. ಇಂಥವು ನಾನು ಎಷ್ಟೋ ನೋಡಿದ್ದೆ.

ಊರಿನ ಜಮೀನಿನ ಲೆಕ್ಕ ಇಡುವ ತಲಾಠಿ ಸ್ಥಳ ನೋಡಲು ಬರುವ ದಿನ ಗೌಡರು ನನಗೆ ಫೋನು ಮಾಡಿದರು. ಸರ್ವೀಸಿನಲ್ಲಿದ್ದಾಗಿನ ಪರಿಚಯ. ಪಂಚನಾಮೆಗೆ ಸಹಿ ಹಾಕುವ ಪಂಚರಲ್ಲಿ ಒಬ್ಬರಾಗಿ ಬಂದು ನಿಲ್ಲಬೇಕು, ನಿಮ್ಮ ಸಹಿ ಇದ್ದರೆ ಒಂದು ತೂಕ ಅಂದರು. ಯಾವ ಹೊಲ ಎಂದು ಅಲ್ಲಿಗೆ ಹೋಗುವ ತನಕ ನನಗೆ ತಿಳಿದಿರಲಿಲ್ಲ. ಇದು ನಿಜ. ಆದರೆ ಅವರ ಮನೆಯಲ್ಲಿ ಉಪ್ಪಿಟ್ಟು ತಿಂದು, ಅವರ ಗಾಡಿಯಲ್ಲಿ ಕೂತು, ಮೋರಿಯ ಹತ್ತಿರ ಇಳಿದಾಗ ತಿಳಿಯಿತು. ತಿರುಗಿ ಹೋಗುವುದಕ್ಕೆ ಆಗ ಹೊತ್ತಿತ್ತು. ಇದೂ ನಿಜ.

ಊರಿನ ಏಳೆಂಟು ಜನ ನಿಂತಿದ್ದರು. ತಲಾಠಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೆಲಸಕ್ಕೆ ಸೇರಿ ವರ್ಷ ಆಗಿರಬಹುದು. ಗೌಡರು ನನ್ನ ಪರಿಚಯ ಹೇಳಿದಾಗ ಮೋರಿಯ ಕಲ್ಲಿನ ಮೇಲೆ ಕೂತಿದ್ದ ಆಕೆ ಎದ್ದು ನಿಂತು ನಮಸ್ಕಾರ ಮಾಡಿದಳು. ಟೇಪಿನ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟಳು. ಎಲ್ಲರೂ ಆ ಗೆರೆಯ ಗುಂಟ ನಡೆದು ಬನ್ನಿ ಗಿಡದ ಬುಡಕ್ಕೆ ಬಂದೆವು. ಬಾಯೊಳಗೇ ನಾನು ಹೆಜ್ಜೆ ಎಣಿಸುತ್ತಿದ್ದೆ. ನಿಲ್ಲಿಸಲು ಆಗಲಿಲ್ಲ.

ಗಿಡದ ಬುಡದಲ್ಲಿ ಮೂರು ಕಲ್ಲು ಇದ್ದವು. ನಡುವಿನ ಕಲ್ಲಿನ ಹಿಂದೆ ಡಬ್ಬಿ, ಡಬ್ಬಿಯೊಳಗೆ ಪುಸ್ತಕ. ಆ ಗೆರೆಯ ಮೇಲೆ ಯಾರು ಯಾರು, ಯಾವ ಯಾವ ರವಿವಾರ ನಡೆದರು ಎಂಬುದೆಲ್ಲ ತಾರೀಖಿನ ಸಮೇತ ಅದರಲ್ಲಿತ್ತು. ಮೊದಲನೇ ಪುಟದಲ್ಲಿ ನನ್ನ ಕೈಬರಹದಲ್ಲಿಯೇ ಇತ್ತು, ಹೊಲ ಬರಿದಿದೆ, ದಾರಿ ಇಲ್ಲ, ನೇರ ನಡೆಯಬಹುದು ಎಂದು. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ. ನಾನು ಹೋಗಿ ಆ ಕಲ್ಲುಗಳ ಮುಂದೆ ನಿಂತೆ. ಧೋತರದ ಅಂಚು ಕಲ್ಲಿನ ಮೇಲೆ ಬರುವಂತೆ ನಿಂತೆ.

ನೀಲವ್ವ ಐವತ್ತರ ಆಸುಪಾಸಿನ ಹೆಂಗಸು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಒಂದು ಬದಿಗೆ ನಿಂತಿದ್ದಳು. ತಲಾಠಿ ಕೇಳಿದ್ದಕ್ಕೆ ಗಟ್ಟಿಯಾಗಿಯೇ ಹೇಳಿದಳು.

"ಇದು ಈ ವರ್ಷ ಬಿದ್ದದ್ದ್ರಿ ಮೇಡಂ. ಹೋದ ವರ್ಷ ಇಲ್ಲಿ ಹಾದಿ ಇದ್ದಿದ್ದಿಲ್ಲ."

"ಒಂದ ವರ್ಷದಾಗ ಇಷ್ಟ ಗಟ್ಟಿ ಹಾದಿ ಬೀಳತೈತೇನಬೇ?" ಅಂದರು ಗೌಡರು. "ಯಾರ ತಿರಗ್ಯಾಡ್ಯಾರ ಹಂಗಾರ? ನಿನ್ನ ಹೊಲದಾಗ ದೆವ್ವ ಗಸ್ತಿ ಹೊಡದಾವೇನು?"

ನಿಂತವರು ನಕ್ಕರು. ನೀಲವ್ವ ನಗಲಿಲ್ಲ.

"ತಿರಗ್ಯಾಡಿದವ್ರಿಗೆ ಗೊತ್ತೈತ್ರಿ. ಅವ್ರ ಹೇಳ್ಲಿ," ಅಂದಳು. ಹೇಳಿ ನನ್ನ ಕಡೆ ನೋಡಿದಳು. ಬಹಳ ಹೊತ್ತಲ್ಲ. ಹಿರಿಯರು ಒಬ್ಬರು ನಿಂತಿದ್ದಾರೆ, ನ್ಯಾಯದ ಮಾತು ಆಡಲಿ ಎಂದು ನೋಡುವುದಿರುತ್ತದಲ್ಲ, ಹಾಗೆ ನೋಡಿದಳು ಎಂದು ನಾನು ಅಂದುಕೊಂಡೆ.

ತಲಾಠಿ ನನ್ನನ್ನು ಕೇಳಿದಳು. "ಸರ್, ನಿಮಗ ಏನ ಕಾಣಸ್ತೈತ್ರಿ? ದಾರಿ ಅಂತ ಬರೀಲೇನ್ರಿ?"

ಆ ಕ್ಷಣದಲ್ಲಿ ನನಗೆ ಏನೇನು ಹೊಳೆಯಿತು ಎಂಬುದನ್ನು ಈ ಮೂರು ವರ್ಷದಲ್ಲಿ ಬಹಳ ಸಲ ಒರೆಗೆ ಹಚ್ಚಿ ನೋಡಿದ್ದೇನೆ. ಗೌಡರ ಉಪ್ಪಿಟ್ಟಿನ ಋಣ ನೆನಪಾಗಲಿಲ್ಲ. ಅವರ ಭಯವೂ ನನಗಿರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಒಂದೇ. ಬಗ್ಗಿ ಕಲ್ಲು ಸರಿಸಿ ಮುಚ್ಚಳಕ್ಕೆ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಡಬ್ಬಿ ತೆಗೆದು, ಇದು ನನ್ನ ಆಟ, ಈ ಹಲ್ಲಿ ಬೆಟಗೇರಿಯ ಹುಡುಗಿ, ಈ ಬಕೆಟ್ಟು ಬ್ಯಾಂಕಿನವರು ಎಂದು ಆ ಏಳೆಂಟು ಜನರ ಮುಂದೆ ನಾನು ವಿವರಿಸುವುದು. ಈಗತಾನೇ ಎದ್ದು ನಮಸ್ಕಾರ ಮಾಡಿದ ಆ ಹುಡುಗಿಯ ಮುಖ ಹೇಗಾಗಬಹುದು ಎಂಬುದು. ಜೊತೆಗೆ ಆಟದ ನಿಯಮವೂ ನೆನಪಾಯಿತು, ಹೊರಗಿನವರ ಮುಂದೆ ಡಬ್ಬಿ ತೆಗೆಯಬಾರದು ಎಂದು. ಹೊಲದವರನ್ನು ಕೇಳು ಎಂಬ ನಿಯಮವನ್ನು ಮುರಿದವನಿಗೆ ಈ ನಿಯಮ ಎಷ್ಟು ಬೇಗ ನೆನಪಾಯಿತು ನೋಡಿ.

"ಕಂಡದ್ದನ್ನ ಬರಿಯವ್ವಾ," ಎಂದೆ. "ತುಳಿದ ಕಾಲುದಾರಿ ಐತಿ. ಅಗಲ ಒಂದೂವರಿ ಫೂಟು."

ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ತಲಾಠಿ ಬರೆದುಕೊಂಡಳು. ತಾನು ನೋಡಿದ್ದನ್ನೇ ಬರೆದಳು, ಆಕೆಯ ತಪ್ಪೇನೂ ಇಲ್ಲ. ನಾನು ಸಹಿ ಮಾಡಿದೆ. ತಲೆ ಎತ್ತಿದಾಗ ನೀಲವ್ವ ನನ್ನ ಕಡೆ ನೋಡುತ್ತಿರಲಿಲ್ಲ. ಹೊಲ ದಾಟಿ ಊರಿನ ಕಡೆ ಹೊರಟಿದ್ದಳು, ಆ ಗೆರೆಯ ಮೇಲೆ ಕಾಲಿಡದೆ, ಒಡ್ಡಿನ ಮೇಲಿಂದ, ಜಾಲಿ ಮುಳ್ಳಿನ ನಡುವೆ.

ಮರುದಿನವೇ ಹೋಗಿ ಡಬ್ಬಿಯನ್ನು ತಂದೆ. ಮನೆಯಲ್ಲಿ ಕೂತು ಪುಸ್ತಕವನ್ನು ಪುಟ ಬಿಡದೆ ನೋಡಿದೆ. ಮುದ್ರೆಗಳ ನಡುವೆ, ಆಗಸ್ಟಿನ ಒಂದು ಪುಟದಲ್ಲಿ, ನೇರಳೆ ಶಾಯಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಇತ್ತು. ಅದರ ಮೇಲೆ ತಾರೀಖು ಇರಲಿಲ್ಲ. ಕೆಳಗೆ ಪೂರ್ಣಿಮಾಳ ಅಕ್ಷರದಲ್ಲಿ "ಹೊಲದ ಅಮ್ಮ" ಎಂದಿತ್ತು.

ಪೂರ್ಣಿಮಾಳನ್ನು ಕರೆದು ಕೇಳಿದೆ. ಕಳೆ ತೆಗೆಯುತ್ತಿದ್ದ ಆ ಅಮ್ಮ ಮೊದಲು ಬೈದರಂತೆ, ಪೀಕು ತುಳೀತೀರಿ ಎಂದು. ಸರಪಳಿ ಅಜ್ಜ ಹೀಗೇ ಬರೆದಿದ್ದಾರೆ ಎಂದು ಇವಳು ನನ್ನ ಗುರುತಿನ ಚೀಟಿ ಓದಿ ಹೇಳಿದಳಂತೆ, ನನ್ನ ಹೆಸರನ್ನೂ ಹೇಳಿದಳಂತೆ. ಆ ಅಮ್ಮ ನನ್ನನ್ನು ಬಲ್ಲರಂತೆ, ಹಿಂದೆ ಅವರ ಹೊಲ ಅಳೆದವನು ನಾನೇ ಅಂತೆ. ಸರ್ವೇ ಸರ ಬರೆದಿದ್ದರೆ ಇರಲಿ, ಸಾಲಿನ ನಡುವೆ ಹೆಜ್ಜೆ ಇಡಿ ಎಂದು ತೋರಿಸಿಕೊಟ್ಟು, ಎಲ್ಲರಿಗೂ ಹಸಿ ಹೆಸರುಕಾಯಿ ಕೊಟ್ಟರಂತೆ. ಮುದ್ರೆ ಇಲ್ಲದ್ದಕ್ಕೆ ಹೆಬ್ಬೆಟ್ಟು ಒತ್ತಿದರಂತೆ.

ಅಂದರೆ ಆ ದಿನ ಆಕೆ ನೋಡಿದ್ದು ಯಾರೋ ಹಿರಿಯರನ್ನಲ್ಲ. ಗೊತ್ತಿದ್ದೇ ನೋಡಿದ್ದಳು. ಡಬ್ಬಿ ಎಲ್ಲಿದೆ, ನಾನು ಏಕೆ ಅಲ್ಲಿಯೇ ನಿಂತಿದ್ದೇನೆ, ಎಲ್ಲ ಗೊತ್ತಿತ್ತು.

ಇದು ತಿಳಿದ ಮೇಲಾದರೂ ನಾನು ಓಡಿಹೋಗಬೇಕಿತ್ತು. ಹೋಗಲಿಲ್ಲ. ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಮುಂದಿನ ವಾರ, ಅದರ ಮುಂದಿನ ವಾರ ಎಂದು ಮೂರು ತಿಂಗಳು ಕಳೆದೆ. ಆಟಕ್ಕೆ ಹೋಗುವುದನ್ನು ನಿಲ್ಲಿಸಿದೆ. ಶಾಹಿದಾ ಮೇಡಂಗೆ ಮೊಣಕಾಲು ನೋವು ಎಂದೆ. ಜೋಳ ತೆನೆ ಹಿಡಿಯುವ ಹೊತ್ತಿಗೆ ಸುದ್ದಿ ಬಂತು. ಊರ ಹಿರಿಯರು ಕೂತು ರಾಜಿ ಮಾಡಿಸಿದ್ದರು. ಪಂಚನಾಮೆಯಲ್ಲಿ ದಾರಿ ಇದೆ ಎಂದಿರುವಾಗ ಜಗಳ ಯಾಕೆ ಎಂದು ನೀಲವ್ವನನ್ನು ಒಪ್ಪಿಸಿ, ಟ್ರಾಕ್ಟರು ಹಾಯುವಷ್ಟು ಅಗಲ ಬಿಡಿಸಿದ್ದರು. ಪೈರಿದ್ದ ಹೊಲದಲ್ಲಿಯೇ ಗರಸು ಬಿದ್ದಿತ್ತು.

ಆಗ ಹೋದೆ. ಪುಸ್ತಕ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ. ನೀಲವ್ವ ಮನೆಯ ಕಟ್ಟೆಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದಳು. ಬರ್ರಿ ಸರ, ಕುಂಡ್ರಿ ಎಂದು ಚಾಪೆ ಸರಿಸಿದಳು. ನಾನು ನಿಂತೇ ಎಲ್ಲ ಹೇಳಿದೆ. ತಹಶೀಲ್ದಾರರ ಕಚೇರಿಗೆ ಹೋಗೋಣ, ಈ ಪುಸ್ತಕ ಕೊಡುತ್ತೇನೆ, ಹೇಳಿಕೆ ಬರೆದುಕೊಡುತ್ತೇನೆ ಎಂದೆ.

"ರಾಜಿ ಕಾಗದಕ್ಕ ಹೆಬ್ಬಟ್ಟ ಒತ್ತೀನ್ರಿ," ಅಂದಳು. "ನನ್ನ ತಮ್ಮನ ಮಗಳನ್ನ ಗೌಡ್ರ ಮನಿತನಕ್ಕ ಕೊಟ್ಟಾರ. ಈಗ ಕೆದರಿದ್ರ ಆ ಹುಡುಗಿಗೆ ತ್ರಾಸ. ಬ್ಯಾಡ್ರಿ."

ಆ ದಿನ ನೀವು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಅದನ್ನೂ ಆಕೆಯ ಬಾಯಿಂದಲೇ ಹೇಳಿಸಿದೆ.

"ನೀವ ಹೇಳ್ತೀರಂತ ನಿಂತಿದ್ನಿರಿ. ನಾ ಹೇಳಿದ್ರ ಅಷ್ಟ ಮಂದ್ಯಾಗ ನಿಮ್ಮನ್ನ ಕಳ್ಳನ್ನ ಹಿಡದಂಗ ಆಕ್ಕಿತ್ತು. ನೀವಾಗಿ ಹೇಳಿದ್ರ ಹಂಗಾಗತಿದ್ದಿಲ್ಲ."

ಸ್ವಲ್ಪ ಹೊತ್ತು ಅವರೆ ಬಿಡಿಸಿದಳು. ಆಮೇಲೆ, ಅದರಾಗ ಏನೇನ ಐತಿ ಓದ್ರಿ ಎಂದಳು. ನಾನು ಕೂತೆ. ಮೊದಲ ಪುಟದಿಂದ ಓದಿದೆ. ಹೊಲ ಬರಿದಿದೆ, ದಾರಿ ಇಲ್ಲ. ನಂತರ ಒಂದೊಂದೇ ರವಿವಾರ, ಹಲ್ಲಿ, ಲಾಟೀನು, ಬಕೆಟ್ಟು. ಬಕೆಟ್ಟಿನ ಚಿತ್ರ ತೋರಿಸಿದಾಗ ಸ್ವಲ್ಪ ನಕ್ಕಳು. ತನ್ನ ಹೆಬ್ಬೆಟ್ಟು ಬಂದಾಗ ಬೆರಳಿಟ್ಟು, ಇದರ ಮೇಲೆ ತಾರೀಖು ಇಲ್ಲವಲ್ಲ ಎಂದು ಕೇಳಿದಳು. ಹಿಂದಿನ ಮುದ್ರೆ, ಮುಂದಿನ ಮುದ್ರೆ ನೋಡಿ ಆ ರವಿವಾರ ಯಾವುದೆಂದು ಲೆಕ್ಕ ಹಾಕಿದೆ. ಜೇಬಿನಿಂದ ಪೆನ್ನು ತೆಗೆದು ತಾರೀಖು ಬರೆದೆ. ಕೈ ಅಲ್ಲಿಗೆ ನಿಲ್ಲಲಿಲ್ಲ. ಕೊನೆಯ ಪುಟ ತೆಗೆದು ಇನ್ನೆರಡು ಸಾಲು ಬರೆದೆ.

"ಏನ ಬರದ್ರಿ?"

ಓದಿದೆ. ಈ ಹೊಲದಲ್ಲಿ ಮೊದಲು ದಾರಿ ಇರಲಿಲ್ಲ. ಹೊಲದವರನ್ನು ಕೇಳದೆ ಜನರನ್ನು ಇಲ್ಲಿ ನಡೆಸಿದವನು ನಾನು. ಕೆಳಗೆ, ಮುದ್ರೆ ಇಲ್ಲದೆ, ನನ್ನ ಪೂರ್ತಿ ಹೆಸರು.

ನೀಲವ್ವ ಪುಸ್ತಕ ಇಸಕೊಂಡಳು. ಓದಲು ಬಾರದಿದ್ದರೂ ಆ ಎರಡು ಸಾಲಿನ ಮೇಲೆ ಕಣ್ಣಾಡಿಸಿದಳು. ಶಾಯಿ ಹಸಿ ಇದೆ ಎಂದು ಒಮ್ಮೆ ಊದಿ, ಮುಚ್ಚದೆ ಹಾಗೆಯೇ ತಿರುಗಿ ನನ್ನ ಕೈಗೆ ಕೊಟ್ಟಳು.

"ಚಲೋ ಬರದೀರಿ," ಅಂದಳು. "ಈಗ ಇದನ್ನ ಯಾರಿಗೆ ತೋರಸ್ತೀರಿ ಸರ?"

ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂದೂ ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಚಾಪೆಯ ಮೇಲೆ, ಅವರೆಯ ಸಿಪ್ಪೆಯೊಳಗೆ, ಜೇಬಿನಲ್ಲಿ ಬಹಳ ಹೊತ್ತು ಹುಡುಕಿದೆ. ಅದು ನನ್ನ ಎಡಗೈಯಲ್ಲಿಯೇ ಇತ್ತು.